ಮನಸ್ಸು ಕುಗ್ಗಿದಾಗ ಒಬ್ಬರೇ ಕೂತು ನೋಡಲು ಯಾವ ಸಿನಿಮಾಗಳು ಒಳ್ಳೆಯವು?

ಯಾವ ಬಗೆಯ ಬೇಜಾರು ಅಂತ ನೀವು ಹೇಳಿಲ್ಲ. ಕೆಲಸ ಮಾಡಿ ಮಾಡಿ ಬತ್ತಿಹೋದವರಿಗೆ ಹಿಡಿಸುವ ಸಿನಿಮಾ ಯಾರನ್ನೋ ಕಳೆದುಕೊಂಡವರಿಗೆ ಹಿಡಿಸುವುದಿಲ್ಲ, ಹಾಗಾಗಿ ಬಗೆ ನೋಡಿಕೊಂಡೇ ಹೇಳುತ್ತೇನೆ. ಒಂದು ಮಾತು ಮಾತ್ರ ಎಲ್ಲರಿಗೂ ಸೇರಿದ್ದು: ಸ್ಫೂರ್ತಿ ತುಂಬುವ ಚಿತ್ರಗಳ ಪಟ್ಟಿಗಳನ್ನು ಆ ದಿನ ಮುಟ್ಟಬೇಡಿ. ಕುಗ್ಗಿದ ಮನಸ್ಸು ನಾಯಕನ ಗೆಲುವನ್ನು ತನ್ನ ಪರಿಸ್ಥಿತಿಯ ಪಕ್ಕಕ್ಕಿಟ್ಟು ತೂಗಲು ಶುರು ಮಾಡುತ್ತದೆ. ಆ ಹೊತ್ತಿಗೆ ಬೇಕಾದದ್ದು ಯಾರೂ ದೊಡ್ಡದಾಗಿ ಏನನ್ನೂ ಗೆಲ್ಲದ ಸಿನಿಮಾ.

ದಣಿವೇ ಕಾರಣವಾಗಿದ್ದರೆ ನನ್ನ ಮೊದಲ ಆಯ್ಕೆ ಜಪಾನಿನ ಹಯಾವೊ ಮಿಯಾಜಾಕಿಯ ಕಾರ್ಟೂನ್ ಚಿತ್ರ ‘ಕಿಕೀಸ್ ಡೆಲಿವರಿ ಸರ್ವಿಸ್’ (1989). ಹದಿಮೂರರ ಪುಟ್ಟ ಮಾಟಗಾತಿ ಕಿಕಿಗೆ ಇದ್ದಕ್ಕಿದ್ದಂತೆ ಹಾರಲು ಬರದಂತಾಗುತ್ತದೆ. ಕಾಡಿನಲ್ಲಿರುವ ಚಿತ್ರಕಾರ್ತಿ ಗೆಳತಿ ಉರ್ಸುಲಾ ಅವಳಿಗೆ ಧೈರ್ಯದ ಭಾಷಣ ಬಿಗಿಯುವುದಿಲ್ಲ. ತನಗೂ ಚಿತ್ರ ಬರೆಯಲು ಆಗದೇ ಹೋದಾಗ ಬರೆಯುವುದನ್ನು ನಿಲ್ಲಿಸಿ, ಸುಮ್ಮನೆ ಅಡ್ಡಾಡಿ, ಮಧ್ಯಾಹ್ನ ನಿದ್ದೆ ಹೊಡೆಯುತ್ತೇನೆ ಅನ್ನುತ್ತಾಳೆ. ಬತ್ತಿಹೋದವರಿಗೆ ಇದಕ್ಕಿಂತ ಉಪಯೋಗದ ದೃಶ್ಯ ನನಗೆ ಗೊತ್ತಿಲ್ಲ. ಅದೇ ನಿರ್ದೇಶಕರ ‘ಮೈ ನೇಬರ್ ಟೊಟೊರೊ’ (1988) ಇನ್ನೂ ಚಿಕ್ಕದು, 86 ನಿಮಿಷ, ಖಳನಾಯಕನೇ ಇಲ್ಲ. ಆದರೆ ಮಕ್ಕಳ ತಾಯಿ ಆಸ್ಪತ್ರೆಯಲ್ಲಿದ್ದಾಳೆ. ಮನೆಯಲ್ಲಿ ಅಂಥ ಪರಿಸ್ಥಿತಿ ಇದ್ದರೆ ಬೇರೆ ದಿನಕ್ಕಿರಲಿ. ಇನ್ನೊಂದು ಎಚ್ಚರಿಕೆ: ಇದರ ಜೊತೆ ಅದೇ ದಿನ, ಅದೇ ಸ್ಟುಡಿಯೋದಿಂದ ಜೋಡಿಯಾಗಿ ಬಿಡುಗಡೆಯಾದದ್ದು ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’. ಎರಡೂ ಕಾರ್ಟೂನೇ ತಾನೇ ಅಂತ ಅದನ್ನು ಹಾಕಿಕೊಂಡರೆ ಕಥೆ ಮುಗಿಯಿತು. ಯುದ್ಧದಲ್ಲಿ ಹಸಿವಿಗೆ ಸಿಕ್ಕ ಅಣ್ಣ-ತಂಗಿಯ ಚಿತ್ರ ಅದು. ಶ್ರೇಷ್ಠವಾದದ್ದು, ಆದರೆ ಈ ದಿನಕ್ಕಲ್ಲ.

ಒಂಟಿತನ ಕಾಡುತ್ತಿದ್ದರೆ ವಿಮ್ ವೆಂಡರ್ಸ್ ಅವರ ‘ಪರ್ಫೆಕ್ಟ್ ಡೇಸ್’ (2023). ಟೋಕಿಯೋದಲ್ಲಿ ಶೌಚಾಲಯ ತೊಳೆಯುವ ಹಿರಾಯಾಮನ ದಿನಚರಿ: ಕೆಲಸ, ಕ್ಯಾಸೆಟ್ ಹಾಡು, ಮರದೆಲೆಗಳ ಫೋಟೋ, ಮಲಗುವ ಮುಂಚೆ ಪುಸ್ತಕ. ಒಬ್ಬನೇ ಬದುಕುವವನನ್ನು ಕ್ಯಾಮೆರಾ ಎಲ್ಲೂ ಅಯ್ಯೋ ಪಾಪ ಅನ್ನುವುದಿಲ್ಲ. ಮೊದಲ ಅರ್ಧ ಗಂಟೆ ಮಾತೇ ಕಡಿಮೆ, ಕಥೆ ಎಲ್ಲಿ ಅಂತ ಹುಡುಕಬೇಡಿ. ಮನೆಯವರ ಜೊತೆ ಮಾತು ಬಿಟ್ಟ ನೋವಾದರೆ ಡೇವಿಡ್ ಲಿಂಚ್ ಅವರ ‘ದ ಸ್ಟ್ರೇಟ್ ಸ್ಟೋರಿ’ (1999): ಮುನಿಸಿಕೊಂಡಿದ್ದ ಅಣ್ಣನಿಗೆ ಪಾರ್ಶ್ವವಾಯು ಹೊಡೆದಿದೆ ಅಂತ ತಿಳಿದ ಮುದುಕನೊಬ್ಬ ಹುಲ್ಲು ಕತ್ತರಿಸುವ ಗಾಡಿಯನ್ನೇ ಓಡಿಸಿಕೊಂಡು ಅವನನ್ನು ನೋಡಲು ಹೊರಡುತ್ತಾನೆ.

ಅಳು ಗಂಟಲಲ್ಲೇ ಸಿಕ್ಕಿಕೊಂಡಿದ್ದರೆ ನಗಿಸುವ ಸಿನಿಮಾ ಬೇಡ, ಕಿರಿಕಿರಿ ಜಾಸ್ತಿಯಾಗುತ್ತದೆ. ‘ಇನ್‌ಸೈಡ್ ಔಟ್’ (2015) ನೋಡಿ. ಒಬ್ಬ ಹುಡುಗಿಯ ತಲೆಯೊಳಗಿನ ಭಾವನೆಗಳೇ ಅದರ ಪಾತ್ರಗಳು. ತನ್ನ ಬಂಡಿ ಕಳೆದುಕೊಂಡ, ಆ ಹುಡುಗಿಯ ಕಲ್ಪನೆಯ ಗೆಳೆಯ ಬಿಂಗ್ ಬಾಂಗ್‌ನನ್ನು ‘ಸಂತೋಷ’ ಕಚಗುಳಿ ಇಟ್ಟು ಎಬ್ಬಿಸಲು ಹೋಗಿ ಸೋಲುತ್ತಾಳೆ. ‘ದುಃಖ’ ಪಕ್ಕದಲ್ಲಿ ಕೂತು ಕೇಳಿಸಿಕೊಂಡ ಮೇಲೆ ಅವನು ಅತ್ತು, ತಾನಾಗಿ ಏಳುತ್ತಾನೆ.

ಸಬ್‌ಟೈಟಲ್ ಓದುವ ಶಕ್ತಿಯೂ ಇಲ್ಲವೇ? ಚಾಪ್ಲಿನ್‌ನ ‘ಮಾಡರ್ನ್ ಟೈಮ್ಸ್’ (1936, 87 ನಿಮಿಷ), ಇಲ್ಲವೇ ಅನಂತನಾಗ್ ಅವರ ‘ಗಣೇಶನ ಮದುವೆ’ (1990). ಆದರೆ ತಲೆಯಲ್ಲಿ ಒಂದೇ ಯೋಚನೆ ಗಿರಕಿ ಹೊಡೆಯುತ್ತಿದ್ದರೆ ಉಲ್ಟಾ ಮಾಡಿ: ಗೊತ್ತಿಲ್ಲದ ಭಾಷೆಯ ಚಿತ್ರವನ್ನು ಸಬ್‌ಟೈಟಲ್ ಜೊತೆ ನೋಡಿ. ಕಣ್ಣು ಅಕ್ಷರದ ಹಿಂದೆ ಓಡುವಾಗ ಯೋಚನೆಗೆ ಜಾಗ ಕಡಿಮೆ.

ಹೆಸರು ನೋಡಿ ಮೋಸಹೋಗಬೇಡಿ. ‘ಇಟ್ಸ್ ಎ ವಂಡರ್‌ಫುಲ್ ಲೈಫ್’ (1946) ಮನಸ್ಸಿಗೆ ಹಿತ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದರ ನಾಯಕ ಸಾಯಲೆಂದು ಸೇತುವೆ ಮೇಲೆ ನಿಲ್ಲುತ್ತಾನೆ. ‘ಗ್ರೌಂಡ್‌ಹಾಗ್ ಡೇ’ (1993) ತಮಾಷೆಯ ನಡುವೆಯೂ ಆತ್ಮಹತ್ಯೆಯ ಸರಣಿಯಿದೆ. ‘777 ಚಾರ್ಲಿ’ (2022) ಎರಡೂವರೆ ಗಂಟೆ ದಾಟುತ್ತದೆ, ನಾಯಿಗೆ ಕ್ಯಾನ್ಸರ್. ಸಾಕುಪ್ರಾಣಿ ಕಳೆದುಕೊಂಡವರು ದೂರವಿಡಿ. ಅನುಮಾನ ಬಂದರೆ ‘ಡಸ್ ದ ಡಾಗ್ ಡೈ’ ಅನ್ನುವ ಜಾಲತಾಣದಲ್ಲಿ ಚಿತ್ರದ ಹೆಸರು ಹಾಕಿ. ಸಾವು, ಕಾಯಿಲೆ, ಹಿಂಸೆ ಎಲ್ಲ ಇದೆಯೋ ಇಲ್ಲವೋ ನೋಡುಗರೇ ಗುರುತು ಹಾಕಿರುತ್ತಾರೆ.

ಸಾಯುವ ಯೋಚನೆ ಬರುತ್ತಿದ್ದರೆ ಒಬ್ಬರೇ ಕೂರಬೇಡಿ, ಈಗಲೇ ಯಾರಿಗಾದರೂ ಫೋನ್ ಮಾಡಿ. ಎರಡು ವಾರ ದಾಟಿಯೂ ಮನಸ್ಸು ಏಳದಿದ್ದರೆ ವೈದ್ಯರನ್ನು ಕಾಣಿ. ಅದು ಸಿನಿಮಾದಿಂದ ಆಗುವ ಕೆಲಸವಲ್ಲ.

ಇನ್ನು ನೋಡುವ ಕ್ರಮ. ಆಯ್ಕೆಯನ್ನು ಮನಸ್ಸು ಚೆನ್ನಾಗಿದ್ದ ದಿನವೇ ಮಾಡಿ, ಮೂರು ಹೆಸರು ಬರೆದಿಟ್ಟುಕೊಳ್ಳಿ. ಕುಗ್ಗಿದ ದಿನ ಆರಿಸಲು ಕೂತರೆ ನಲವತ್ತು ನಿಮಿಷ ಪೋಸ್ಟರ್ ಸರಿಸಿ ಕೊನೆಗೆ ಏನೂ ನೋಡದೆ ಎದ್ದುಹೋಗುತ್ತೀರಿ. ಮೂರರಲ್ಲಿ ಒಂದಾದರೂ ಈಗಾಗಲೇ ನೋಡಿದ್ದಿರಲಿ. ಮುಂದೇನು ಅನ್ನುವ ಆತಂಕ ಇರುವುದಿಲ್ಲ. ಮಲಗುವ ಹೊತ್ತಿಗೆ ಒಂದು ಗಂಟೆ ಮುಂಚೆ ಮುಗಿಯುವಂತೆ ಶುರು ಮಾಡಿ, ಫೋನು ಬೇರೆ ಕೋಣೆಯಲ್ಲಿರಲಿ. ಇಪ್ಪತ್ತು ನಿಮಿಷವಾದರೂ ಒಳಗೆ ಇಳಿಯದಿದ್ದರೆ ನಿಲ್ಲಿಸಿ, ನೋಡಿದ್ದ ಸಿನಿಮಾವನ್ನೇ ಹಾಕಿ. ಮುಂದಿನದು ತಾನಾಗಿ ಶುರುವಾಗುವ ಆಟೋಪ್ಲೇಯನ್ನು ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಆಫ್ ಮಾಡಿ, ಇಲ್ಲದಿದ್ದರೆ ಒಳ್ಳೆಯ ಸಿನಿಮಾದ ಕೊನೆಯ ದೃಶ್ಯ ಮನಸ್ಸಿಗೆ ಇಳಿಯುವ ಮುಂಚೆಯೇ ಯಾವುದೋ ಕೊಲೆ ಪ್ರಕರಣದ ಟ್ರೇಲರ್ ಕಿರುಚತೊಡಗುತ್ತದೆ.