ಕಾಮಿಕ್ಸ್‌ನ ಮೊದಲ ಪುಟ, ಟಿವಿಯ ಮೊದಲ ಮೂರು ನಿಮಿಷ

ಪ್ರಶ್ನೆ: ನಾನೂ ಗೆಳೆಯನೂ ಸೇರಿ 32 ಪುಟದ ವೈಜ್ಞಾನಿಕ ಕಾಮಿಕ್ಸ್ ಮಾಡಿದ್ದೇವೆ. ಕಥೆ ನಡೆಯುವುದು 2148ರಲ್ಲಿ. ತುಂಗಭದ್ರಾ ಜಲಾಶಯ ಪೂರ್ತಿ ಹೂಳು ತುಂಬಿದೆ, ಆ ಹೂಳಿನ ಮೇಲೆ ಒಂದು ಊರು ಎದ್ದಿದೆ. ಮೊದಲ ಪುಟಕ್ಕೆಲ್ಲ ಒಂದೇ ಚಿತ್ರ: 33 ಗೇಟುಗಳ ಒಣಗಿದ ಅಣೆಕಟ್ಟು, ಗೇಟಿನ ಸಂದಿಗಳಲ್ಲೆಲ್ಲ ಬಳ್ಳಾರಿ ಜಾಲಿ, ಮೇಲೆ 70 ಪದಗಳ ವಿವರಣೆ. ಇದನ್ನು ಟಿವಿ ಸರಣಿ ಮಾಡಲು ಹೊರಟಿದ್ದೇವೆ. ಮೊದಲ ಎಪಿಸೋಡನ್ನು ಇದೇ ಚಿತ್ರದಿಂದ ಶುರು ಮಾಡಬಹುದೇ?
— ಗಂಗಾವತಿಯ ಓದುಗರು

ಉತ್ತರ: ಚಿತ್ರ ಉಳಿಸಿಕೊಳ್ಳಿ, ಆದರೆ ಅದರಿಂದ ಶುರು ಮಾಡಬೇಡಿ. ಪುಟದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದು ಓದುವವರ ಕೈಯಲ್ಲಿದೆ. ಕಣ್ಣು ಗೇಟಿನಿಂದ ಜಾಲಿಗೆ, ಜಾಲಿಯಿಂದ ಅಕ್ಷರಕ್ಕೆ ಹೋಗಿ ಮತ್ತೆ ಗೇಟಿಗೆ ಬರುತ್ತದೆ. ಟಿವಿಯಲ್ಲಿ ಹೊತ್ತು ನಿಮ್ಮ ಕೈಯಲ್ಲಿದೆ. ಅಲುಗಾಡದ ದೂರದ ಶಾಟು ಐದಾರು ಸೆಕೆಂಡಿಗಿಂತ ಹೆಚ್ಚು ನಿಲ್ಲದು. 70 ಪದಗಳನ್ನು ತಡವರಿಸದೆ ಓದಿದರೂ 40 ಸೆಕೆಂಡು ಬೇಕು. ಆ 40 ಸೆಕೆಂಡಿನಲ್ಲಿ ನೋಡುಗರು ಚಾನೆಲ್ ಬದಲಿಸಿರುತ್ತಾರೆ. ಇನ್ನೊಂದು ಲೆಕ್ಕ ನೋಡಿ. ಪರದೆಯ ಅಗಲ 1920 ಪಿಕ್ಸೆಲ್. ಅದರಲ್ಲಿ 33 ಗೇಟು ಕೂಡಿಸಿದರೆ ಒಂದೊಂದಕ್ಕೆ 58 ಪಿಕ್ಸೆಲ್ ಸಿಗುತ್ತದೆ. ಅದನ್ನೇ ಮೊಬೈಲಿನಲ್ಲಿ ನೋಡಿದರೆ ನೀವು ಅಷ್ಟು ಕಷ್ಟಪಟ್ಟು ಬರೆದ ಜಾಲಿ ಹಸಿರು ಕಲೆಯಾಗಿಬಿಡುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಬೇರೆ. ಗಂಗಾವತಿಯಲ್ಲಿ ಎಡದಂಡೆ ಕಾಲುವೆ ನೀರಲ್ಲಿ ಭತ್ತ ಬೆಳೆಯುವವರಿಗೆ ಒಣ ಅಣೆಕಟ್ಟು ಅಂದರೆ ಎದೆ ಧಸಕ್ಕೆನ್ನುತ್ತದೆ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳಿನಿಂದಾಗಿ ಈಗ 105.79 ಟಿಎಂಸಿಗೆ ಇಳಿದಿರುವುದು ಅವರಿಗೆ ಗೊತ್ತು. ಮಂಗಳೂರಿನಲ್ಲೋ ಮಡಿಕೇರಿಯಲ್ಲೋ ಕೂತವರಿಗೆ ಅದು ಬರೀ ಗೋಡೆ. ಅವರಿಗೆ ಮೊದಲು ಬಾಯಾರಿಕೆ ತಿಳಿಯಬೇಕು, ಆಮೇಲೆ ಅಣೆಕಟ್ಟು ಕಾಣಬೇಕು. ಹೀಗೆ ಮಾಡಿ ನೋಡಿ:

ಮೊದಲ 15 ಸೆಕೆಂಡು ಪರದೆ ಕಪ್ಪು. ಹಿತ್ತಾಳೆ ಪಾತ್ರೆಗೆ ನೀರು ಹನಿಯುವ ಸದ್ದು ಮಾತ್ರ. ಅಲ್ಲಿಂದ ಒಂದು ನಿಮಿಷದವರೆಗೆ ಬರೀ ಹತ್ತಿರದ ಶಾಟುಗಳು: ಗೀರು ಹಾಕಿದ ಲೋಟ, ಅಳೆದು ಸುರಿಯುವ ಅಜ್ಜಿಯ ಕೈ. ಅಂಚಿನಲ್ಲಿ ಉಳಿದ ಹನಿಯನ್ನು ಆಕೆ ಬೆರಳಿನಿಂದ ಒರೆಸಿ ಕೂಸಿನ ತುಟಿಗೆ ಹಚ್ಚುತ್ತಾಳೆ. ಬರಗಾಲದ ಬಗ್ಗೆ ಒಂದು ಮಾತೂ ಬೇಡ. ಎರಡನೇ ನಿಮಿಷದಲ್ಲಿ ಬಾವಿ ತೋಡುವವನೊಬ್ಬ ಮುಷ್ಟಿಯಲ್ಲಿ ಮಣ್ಣು ತರುತ್ತಾನೆ. ಮಣ್ಣು ಹಸಿಯಾಗಿದೆ. ನೀರಿಗೆ ಸಾಲು ನಿಂತವರು ಖುಷಿಪಡಬೇಕಾಗಿತ್ತು, ಆದರೆ ಎಲ್ಲರೂ ಸುಮ್ಮನಾಗುತ್ತಾರೆ. ಅಜ್ಜಿ ಅದನ್ನು ಮೂಸಿ, ದೀಪ ಆರಿಸಿ, ಬಾಗಿಲು ಹಾಕಿಕೊಳ್ಳುತ್ತಾಳೆ. ನೀರಿಲ್ಲದ ಊರು ನೀರಿಗೆ ಯಾಕೆ ಹೆದರಿತು? ಈ ಒಂದು ಪ್ರಶ್ನೆ ಎದ್ದರೆ ಎಪಿಸೋಡ್ ಮುಗಿಯುವವರೆಗೆ ಜನ ಕೂರುತ್ತಾರೆ. ಕೊನೆಯ 45 ಸೆಕೆಂಡಿನಲ್ಲಿ ಹುಡುಗಿಯೊಬ್ಬಳು ಮಣ್ಣು ಬಂದ ದಿಕ್ಕಿಗೆ ಓಡುತ್ತಾಳೆ, ಕ್ಯಾಮೆರಾ ಅವಳ ಬೆನ್ನ ಹಿಂದೆ. ಕಬ್ಬಿಣ ಉಜ್ಜಿದ ಸದ್ದು. ಮೊದಲು ನಾಲ್ಕೈದು ಗೇಟು ಮಾತ್ರ ಕಾಣುವ ಶಾಟು, ಆಮೇಲೆ ನಿಮ್ಮ ಮೊದಲ ಪುಟ ಇದ್ದಂತೆಯೇ ಆರು ಸೆಕೆಂಡು. ಬದಲಾವಣೆ ಒಂದೇ: ಒಂದು ಗೇಟಿನ ಬುಡ ಒದ್ದೆಯಾಗಿದೆ. ಶೀರ್ಷಿಕೆ ಇಲ್ಲಿ ಬರಲಿ. ಒಟ್ಟು 2 ನಿಮಿಷ 45 ಸೆಕೆಂಡು. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದು ಉಳಿಯುವ 22 ನಿಮಿಷದ ಲೆಕ್ಕಕ್ಕೆ ಇದು ಸರಿಹೊಂದುತ್ತದೆ.

ಕಬ್ಬಿಣದ ಸದ್ದು ಅಣೆಕಟ್ಟಿನ ಚಿತ್ರಕ್ಕಿಂತ ಎರಡು ಸೆಕೆಂಡು ಮೊದಲೇ ಬರಬೇಕು. ಟಿವಿಯಲ್ಲಿ ಸೆಕೆಂಡಿಗೆ 25 ಫ್ರೇಮಿನ, ಅಂದರೆ ಬಿಡಿ ಚಿತ್ರದ, ಲೆಕ್ಕದಲ್ಲಿ 50 ಫ್ರೇಮು. ಎಡಿಟಿಂಗ್ ಮೇಜಿನಲ್ಲಿ ಇದನ್ನು ಜೆ-ಕಟ್ ಅನ್ನುತ್ತಾರೆ. ಕಾಮಿಕ್ಸ್‌ನಲ್ಲಿ ಬಲಪುಟದ ಕೊನೆಯ ಚೌಕ ಕುತೂಹಲ ಎಬ್ಬಿಸುತ್ತದೆ, ಪುಟ ತಿರುವಿದರೆ ಬೆರಗು. ತಿರುವಲು ಪುಟವಿಲ್ಲದ ಟಿವಿಯಲ್ಲಿ ಆ ಕೆಲಸ ಮಾಡುವುದು ಮುಂಚೆ ಬರುವ ಸದ್ದು. ಹೊಸಬರು ಚಿತ್ರಕ್ಕೆ ಕೊಡುವ ಗಮನವನ್ನು ಸದ್ದಿಗೆ ಕೊಡುವುದಿಲ್ಲ, ಅದಕ್ಕೇ ಕಾಮಿಕ್ಸ್‌ನಿಂದ ಬಂದ ಎಷ್ಟೋ ಆರಂಭಗಳು ಸಪ್ಪೆಯಾಗುತ್ತವೆ.

ಒಂದು ಚೌಕಕ್ಕೆ ಒಂದು ಶಾಟ್ ಎಂದು ಲೆಕ್ಕ ಹಾಕಬೇಡಿ. ಎರಡು ಚೌಕಗಳ ನಡುವಿನ ಬಿಳಿ ಜಾಗದಲ್ಲಿ ನಡೆದದ್ದನ್ನು ಓದುಗರೇ ಊಹಿಸಿಕೊಳ್ಳುತ್ತಾರೆ. ಟಿವಿಯಲ್ಲಿ ಅದನ್ನು ನಟರು ಮಾಡಿ ತೋರಿಸಬೇಕು, ಇಲ್ಲವೇ ಕಟ್ ಅದನ್ನು ನುಂಗಬೇಕು. ಯಾವುದು ಎಲ್ಲಿ ಎಂದು ಚೌಕದಿಂದ ಚೌಕಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ.

ಪ್ರಶ್ನೆ: ಮೊದಲ ಪುಟ ಬದಲಿಸಿದರೆ ಮೂಲಕ್ಕೆ ದ್ರೋಹವಾಗುವುದಿಲ್ಲವೇ?
— ಸಿಂಧನೂರು

ಉತ್ತರ: ಇಲ್ಲ. 1986ರಲ್ಲಿ ಶುರುವಾದ ಅಮೆರಿಕದ ‘ವಾಚ್‌ಮೆನ್’ ಕಾಮಿಕ್ಸ್‌ನ ಮೊದಲ ಚೌಕದಲ್ಲಿರುವುದು ರಕ್ತದ ಕಲೆಯಾದ ಒಂದು ಬ್ಯಾಡ್ಜ್. 2019ರ ಟಿವಿ ಸರಣಿ ಅದರಿಂದ ಶುರುವಾಗಲಿಲ್ಲ, 1921ರ ಅಮೆರಿಕದ ಟಲ್ಸಾ ನಗರದ ಚಿತ್ರಮಂದಿರವೊಂದರಲ್ಲಿ ಓಡುತ್ತಿರುವ ಮೂಕಿ ಚಿತ್ರದಿಂದ ಶುರುವಾಯಿತು. ಮೂಲದ ಲೋಕದ ನಿಯಮ ಮುರಿಯಬಾರದು, ಬಾಗಿಲು ಯಾವುದಾದರೂ ಆದೀತು.

ಪ್ರಶ್ನೆ: ಭವಿಷ್ಯದ ಜನ ನಮ್ಮ ಭಾಗದ ಕನ್ನಡ ಮಾತಾಡಿದರೆ ಹಾಸ್ಯವಾಗಿ ಕೇಳುತ್ತದೆ ಅನ್ನುತ್ತಾರೆ. ಗ್ರಾಂಥಿಕ ಭಾಷೆಯೇ ಒಳ್ಳೆಯದೇ?
— ರಾಯಚೂರು

ಉತ್ತರ: ಗ್ರಾಂಥಿಕ ಭಾಷೆ ಹಾಕಿದರೆ ನಿಮ್ಮ ಭವಿಷ್ಯ ವಾರ್ತೆ ಓದಿದಂತೆ ಕೇಳುತ್ತದೆ. ರಾಯಚೂರಿನ ಮಾತನ್ನು ನಗಿಸಲು ಮಾತ್ರ ಬಳಸಿದ್ದು ಮಾಡುವವರ ತಪ್ಪು, ಮಾತಿನದಲ್ಲ. ‘ಜಲಮಾಪಕವನ್ನು ತನ್ನಿ’ ಅಂದರೆ ನಟ ಸತ್ತಂತೆ. ‘ಅಳತಿ ತಗೊಂಬಾ’ ಅಂದರೆ ಆ ಅಳತೆಯ ಲೋಟ ನೂರು ವರ್ಷದಿಂದ ಆ ಮನೆಯಲ್ಲಿದೆ ಅನ್ನಿಸುತ್ತದೆ.

ಯಂತ್ರಗಳಿಗೆ ಹೆಸರಿಡುವಾಗಲೂ ಜನರ ಬಾಯಿ ಏನು ಮಾಡುತ್ತದೆ ಗಮನಿಸಿ. ಟ್ರಾನ್ಸ್‌ಫಾರ್ಮರ್ ಕೆಟ್ಟರೆ ರೈತರು ಹೇಳುವುದು ‘ಟಿಸಿ ಸುಟ್ಟೈತಿ’ ಎಂದು. ಬಳಸಿ ಬಳಸಿ ಹೆಸರು ಸವೆಯುತ್ತದೆ. ನಿಮ್ಮ ಭವಿಷ್ಯದ ಯಂತ್ರಕ್ಕೂ ಸವೆದ ಹೆಸರು ಕೊಡಿ, ಎರಡು ಮೂರು ಅಕ್ಷರ ಸಾಕು. ಮೊದಲ ಮೂರು ನಿಮಿಷದಲ್ಲಿ ಹೊಸ ಪದ ಮೂರಕ್ಕಿಂತ ಹೆಚ್ಚು ಬೇಡ. ವಸ್ತು ಕೈಯಲ್ಲಿ ಕೆಲಸ ಮಾಡುವುದು ಮೊದಲು ಕಾಣಲಿ, ಹೆಸರು ಆಮೇಲೆ ಕೇಳಲಿ. ತಿರುಗುಮುರುಗಾದರೆ ನೋಡುಗರು ಅರ್ಥ ಹುಡುಕುತ್ತಾ ಮುಂದಿನ ಎರಡು ಮಾತು ಕಳೆದುಕೊಳ್ಳುತ್ತಾರೆ.

ಪರದೆಯ ಮೇಲೆ ಇಸವಿ ಹಾಕುವುದಾದರೆ ನಾಲ್ಕು ಅಂಚಿನಿಂದಲೂ ಶೇ 5 ಜಾಗ ಬಿಡಿ: 1920×1080 ಚಿತ್ರದಲ್ಲಿ ಪಕ್ಕಗಳಲ್ಲಿ 96 ಪಿಕ್ಸೆಲ್, ಮೇಲೆ ಕೆಳಗೆ 54. ಅದನ್ನು ಮೀರಿದರೆ ಕೆಲವು ಟಿವಿಗಳಲ್ಲಿ ಒತ್ತಕ್ಷರ ಕತ್ತರಿಸಿಹೋಗುತ್ತದೆ. ಬರಹವನ್ನು ಎರಡು ಸಲ ನಿಧಾನವಾಗಿ ಓದಲು ಆಗುವಷ್ಟು ಹೊತ್ತು ಪರದೆಯಲ್ಲಿಡಿ.

ಪ್ರಶ್ನೆ: ನಮ್ಮ ಕಥೆಯಲ್ಲಿ ಬಂಡೆಗಳು ಸಂಕೇತ ಕಳಿಸುತ್ತವೆ. ಸಂಗನಕಲ್ಲು ಬಳಿಯ ದನಿಗಲ್ಲುಗಳ ಸದ್ದಿನಿಂದಲೇ ಎಪಿಸೋಡ್ ಶುರು ಮಾಡಬೇಕೆಂದಿದೆ. ಮೇ ತಿಂಗಳಲ್ಲಿ ಚಿತ್ರೀಕರಣ.
— ಬಳ್ಳಾರಿ

ಉತ್ತರ: ಇಷ್ಟು ಒಳ್ಳೆಯ ಆರಂಭ ಮನೆ ಬಾಗಿಲಲ್ಲಿ ಸಿಗುವುದು ಅಪರೂಪ. ಸಂಗನಕಲ್ಲು–ಕಪ್ಪಗಲ್ಲು ಗುಡ್ಡದ ಡಾಲರೈಟ್ ಕರಿಬಂಡೆಗಳು ಬಡಿದರೆ ಗಂಟೆಯಂತೆ ದನಿ ಕೊಡುತ್ತವೆ. ಬಡಿದು ಬಡಿದು ಬಿದ್ದ ಕುಳಿಗಳೂ ನವಶಿಲಾಯುಗದ ಉದ್ದ ಕೊಂಬಿನ ಗೂಳಿಗಳ ಕೆತ್ತನೆಗಳೂ ಅಲ್ಲಿವೆ. ಕಲ್ಲುಗಣಿಯಿಂದ ಆ ಜಾಗ ಈಗಾಗಲೇ ಪೆಟ್ಟು ತಿಂದಿದೆ. ಆದ್ದರಿಂದ ಆ ಕಲ್ಲುಗಳನ್ನು ಬಡಿಯಬೇಡಿ. ಅನುಮತಿ ಪಡೆದು ಚಿತ್ರ ಮಾತ್ರ ತೆಗೆಯಿರಿ, ಸದ್ದನ್ನು ಬೇರೆ ಕಡೆಯ ಕರಿಕಲ್ಲಿನಿಂದ ಹುಟ್ಟಿಸಿ.

ಕಲ್ಲು ದನಿ ಕೊಡಬೇಕಾದರೆ ಅದು ಎರಡು ಮೂರು ಕಡೆ ಮಾತ್ರ ಆತು ನಿಂತಿರಬೇಕು, ಅಡಿಯಲ್ಲಿ ಗಾಳಿ ಆಡಬೇಕು. ನೆಲಕ್ಕೆ ಪೂರ್ತಿ ಕೂತ ಕಲ್ಲು ಕಂಪನವನ್ನು ಮಣ್ಣಿಗೆ ಬಿಟ್ಟುಕೊಟ್ಟು ‘ಥಪ್’ ಎನ್ನುತ್ತದೆ. ಒಂದು ಮೈಕು ಒಂದು ಅಡಿ ದೂರದಲ್ಲಿ, ಇನ್ನೊಂದು ಹತ್ತು ಅಡಿ ದೂರದಲ್ಲಿಟ್ಟು ಬೇರೆ ಬೇರೆ ಟ್ರ್ಯಾಕಿಗೆ ಹಾಕಿ. ಮುದ್ರಣದ ಗುಣಮಟ್ಟ ಸಾಮಾನ್ಯಕ್ಕೆ 48 ಕಿಲೋಹರ್ಟ್ಸ್, 24 ಬಿಟ್ ಸಾಕು. ದನಿಯನ್ನು ಅರ್ಧ ವೇಗಕ್ಕೆ ಇಳಿಸಿ ಬೇರೆ ಲೋಕದ್ದು ಅನ್ನಿಸಬೇಕಾದರೆ 96ರಲ್ಲಿ ಮುದ್ರಿಸಿ. ಇಳಿಸಿದಾಗ ಸ್ವರ ಒಂದು ಸ್ಥಾಯಿ ಕೆಳಗಿಳಿಯುತ್ತದೆ, 48ರಲ್ಲಿ ಮುದ್ರಿಸಿದ್ದರೆ ಮೇಲಿನ ಹೊಳಪೆಲ್ಲ ಹೋಗಿ ಮಂಕಾಗುತ್ತದೆ. ಮೈಕಿಗೆ ತುಪ್ಪಳದ ಗಾಳಿಗವಸು ಹಾಕಿ. ಜೊತೆಗೆ ಗುಡ್ಡದ ಮೌನವನ್ನೂ ಒಂದು ನಿಮಿಷ ಮುದ್ರಿಸಿಕೊಳ್ಳಿ, ಕಟ್‌ಗಳ ನಡುವೆ ತುಂಬಲು ಅದಿಲ್ಲದೆ ಆಗದು.

ಮೇ ಬಿಸಿಲಿನಲ್ಲಿ ಬೆಳಿಗ್ಗೆ 8.30ರ ಒಳಗೆ, ಸಂಜೆ 5ರ ನಂತರ ಮಾತ್ರ ತೆಗೆಯಿರಿ. ನಡುಹಗಲಲ್ಲಿ ಉದ್ದ ಲೆನ್ಸ್ ಹಾಕಿದರೆ ಬಂಡೆಯಿಂದೇಳುವ ಝಳ ಚಿತ್ರವನ್ನು ನೀರಿನಂತೆ ಅಲುಗಿಸುತ್ತದೆ, ಫೋಕಸ್ ತಪ್ಪಿದೆ ಎಂದೇ ಎಲ್ಲರೂ ತಿಳಿಯುತ್ತಾರೆ. ಒಳಾಂಗಣದಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ (ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡು ಇಡಿ. ನಮ್ಮ ಕರೆಂಟು 50 ಹರ್ಟ್ಸ್, ದೀಪದ ಮಿನುಗೂ ಅದಕ್ಕೆ ತಕ್ಕಂತೆ, ಶಟರ್ ಅದಕ್ಕೆ ಹೊಂದಬೇಕು. 24 ಫ್ರೇಮ್, 1/48 ಇಟ್ಟರೆ ಟ್ಯೂಬ್‌ಲೈಟೂ ಅಗ್ಗದ ಎಲ್‌ಇಡಿಯೂ ಮಿಣುಕುತ್ತವೆ, ಆಮೇಲೆ ಸರಿಪಡಿಸುವುದು ಬಹಳ ಕಷ್ಟ.

ಪ್ರಶ್ನೆ: ಕಥೆ ನನ್ನದು, ಚಿತ್ರ ಗೆಳತಿಯದು. ನಿರ್ಮಾಪಕರು ನನ್ನ ಸಹಿ ಮಾತ್ರ ಕೇಳುತ್ತಿದ್ದಾರೆ.
— ಕೊಪ್ಪಳ

ಉತ್ತರ: ಕಾಗದ ಅವರಿಗೆ ವಾಪಸ್ ಕಳಿಸಿ. ಬರಹವೂ ಚಿತ್ರವೂ ಕಾನೂನಿನ ಕಣ್ಣಲ್ಲಿ ಬೇರೆ ಬೇರೆ ಕೃತಿಗಳು. ಗೆಳತಿಯ ವಿನ್ಯಾಸದ ಯಂತ್ರ, ವೇಷ, ಊರು ಪರದೆ ಮೇಲೆ ಬರುವುದಾದರೆ ಇಬ್ಬರ ಸಹಿಯೂ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿದ್ದು ಸಹಿಯಾಗಿರಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಬೇರೆ ಒಪ್ಪಂದವಿಲ್ಲದಿದ್ದರೆ, ಪಡೆದವರು ಒಂದು ವರ್ಷದೊಳಗೆ ಬಳಸದ ಹಕ್ಕು ಬಿದ್ದುಹೋಗುತ್ತದೆ. ಅದಕ್ಕೇ ನಿರ್ಮಾಪಕರ ಕರಡಿನಲ್ಲಿ ಈ ಒಂದು ವರ್ಷದ ಮಾತನ್ನು ತೆಗೆದುಹಾಕುವ ಸಾಲು ಇರಬಹುದು, ಹುಡುಕಿ ನೋಡಿ. ಎಷ್ಟು ಸೀಸನ್, ಯಾವ ಭಾಷೆಗಳು, ಒಟಿಟಿ ಸೇರಿದೆಯೇ ಎಂಬುದನ್ನೂ ಬರೆಸಿ. ಗೆಳತಿಯ ಪಾಲು ಎಷ್ಟೆಂದು ನಿಮ್ಮಿಬ್ಬರ ನಡುವೆ ಬೇರೆ ಕಾಗದ ಮೊದಲು ಆಗಲಿ, ನಿರ್ಮಾಪಕರ ಜೊತೆಗಿನದು ಆಮೇಲೆ.