24 ಫ್ರೆಟ್‌ಗಳ ಗಿಟಾರ್‌ನಲ್ಲಿ ನೆಕ್ ಪಿಕಪ್ ಎಲ್ಲಿರಬೇಕು?

ಪ್ರಶ್ನೆ: ಬೆಂಗಳೂರಿನಲ್ಲೇ ಗಿಟಾರ್ ತಯಾರಿಸುವ ಒಬ್ಬರಿಂದ ನನಗೆ ಬೇಕಾದಂತೆ ಎಲೆಕ್ಟ್ರಿಕ್ ಗಿಟಾರ್ ಮಾಡಿಸುತ್ತಿದ್ದೇನೆ. ಸ್ಕೇಲ್ ಉದ್ದ (ತಂತಿ ಅಲುಗುವ ಉದ್ದ) 648 ಮಿ.ಮೀ., 24 ಫ್ರೆಟ್ (ತಂತಿ ಒತ್ತುವ ಲೋಹದ ಮೆಟ್ಟಿಲು), ಎರಡು ಹಂಬಕರ್ (ಜೋಡಿ ಸುರುಳಿಯ ಪಿಕಪ್). ನನ್ನ ಹಳೆಯ 22 ಫ್ರೆಟ್‌ಗಳ ಗಿಟಾರ್‌ನ ನೆಕ್ ಪಿಕಪ್‌ಗಿರುವ (ಕತ್ತಿನ ಬದಿಯಲ್ಲಿ ಕೂತು ತಂತಿಯ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ತುಂಬುದನಿ ಇದರಲ್ಲೂ ಬೇಕು. 24ನೇ ಫ್ರೆಟ್‌ನ ಹಾರ್ಮೋನಿಕ್ (ಮೂಲಸ್ವರದ ಜೊತೆಗೇ ಮಿಡಿಯುವ ಮೇಲಿನ ಸ್ವರ) ಬಿಂದುವಿಗೆ ಸರಿಯಾಗಿ ಪಿಕಪ್ ಕೂರಿಸಿದರೆ ಆ ದನಿ ಬರುತ್ತದೆ ಎಂದು ಗೆಳೆಯನೊಬ್ಬ ಹೇಳುತ್ತಾನೆ. ಮುಂದಿನ ವಾರ ಮರ ಕೊರೆಯುತ್ತಾರೆ. ಅವರಿಗೆ ಏನು ಹೇಳಲಿ?
– ಓದುಗರು, ಮಲ್ಲೇಶ್ವರ

ಉತ್ತರ: ಕೊರೆಯುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಪಿಕಪ್ಪನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು, ಆದರೆ ಅದು ಕೂರುವ ಗುಂಡಿಯನ್ನು ಸರಿಸಲು ಬರುವುದಿಲ್ಲ.

ನಿಮ್ಮ ಗೆಳೆಯರ ಮಾತಿಗೆ ಮೂಲವೊಂದಿದೆ. 24ನೇ ಫ್ರೆಟ್ ಬರುವುದು ತಂತಿಯ ಉದ್ದದ ಕಾಲು ಭಾಗದಲ್ಲಿ. ನಿಮ್ಮ ಅಳತೆಯಲ್ಲಿ ಅದು ಸ್ಯಾಡಲ್‌ನಿಂದ (ಬ್ರಿಡ್ಜ್, ಅಂದರೆ ಕುದುರೆಯ ಮೇಲೆ ತಂತಿ ಕೂರುವ ಜಾಗ) 162 ಮಿ.ಮೀ. ದೂರ. 1954ರಲ್ಲಿ ಬಂದ ಸ್ಟ್ರಾಟೊಕಾಸ್ಟರ್ ಗಿಟಾರ್‌ಗೆ 21 ಫ್ರೆಟ್ ಮಾತ್ರ ಇದ್ದುದರಿಂದ ಅದರ ನೆಕ್ ಪಿಕಪ್ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಕೂತಿತು. ನಿಮ್ಮ ಗಿಟಾರ್‌ನಲ್ಲಿ ಆ ಜಾಗವನ್ನು 24ನೇ ಫ್ರೆಟ್ಟೇ ಹಿಡಿದಿರುತ್ತದೆ. ಫಿಂಗರ್‌ಬೋರ್ಡ್‌ನ (ಫ್ರೆಟ್‌ಗಳಿರುವ ಪಟ್ಟಿಯ) ಅಂಚು, ಹಂಬಕರ್‌ನ ಅರ್ಧ ಅಗಲ ಎರಡನ್ನೂ ಕಳೆದರೆ ಪಿಕಪ್‌ನ ನಡುಗೆರೆ ಸುಮಾರು 138 ಮಿ.ಮೀ.ಗೆ ಬಂದು ನಿಲ್ಲುತ್ತದೆ. 22 ಫ್ರೆಟ್ ಆಗಿದ್ದರೆ ಅದೇ ಲೆಕ್ಕ 158ರ ಹತ್ತಿರ ಹೋಗುತ್ತಿತ್ತು. ನಿಮ್ಮ ಹಳೆಯ ಗಿಟಾರ್‌ನ ದನಿ ಅಡಗಿರುವುದು ಈ 20 ಮಿ.ಮೀ.ಯಲ್ಲಿ.

ವೀಣೆ ನುಡಿಸುವವರನ್ನು ಗಮನಿಸಿ. ಮೀಟುವ ಬೆರಳು ಕುದುರೆಯ ಕಡೆಗೆ ಸರಿದಷ್ಟೂ ನಾದ ಚೂಪಾಗುತ್ತದೆ, ದೂರ ಹೋದಷ್ಟೂ ದುಂಡಗಾಗುತ್ತದೆ. ಪಿಕಪ್ ದನಿಯನ್ನು ಹಿಡಿಯುವುದೂ ಇದೇ ನಿಯಮದಂತೆ. ಸ್ಯಾಡಲ್ ಬಳಿ ತಂತಿಯ ಮೂಲಸ್ವರದ ಅಲುಗಾಟ ತೀರಾ ಕಡಿಮೆ, ಅಲ್ಲಿ ಮೇಲಿನ ಹಾರ್ಮೋನಿಕ್‌ಗಳೇ ಮುಂದಾಗುತ್ತವೆ. ನೆಕ್ ಕಡೆಗೆ ಹೋದಂತೆ ಮೂಲಸ್ವರ ಮೈತುಂಬಿಕೊಳ್ಳುತ್ತದೆ. ಯಾವುದಾದರೂ ಹಾರ್ಮೋನಿಕ್ ಅಲುಗದೆ ನಿಲ್ಲುವ ಬಿಂದುವಿನ ಮೇಲೆಯೇ ಪಿಕಪ್ ಇದ್ದರೆ ಅದು ಆ ಹಾರ್ಮೋನಿಕ್ಕನ್ನು ಹಿಡಿಯುವುದೇ ಇಲ್ಲ. 162 ಮಿ.ಮೀ.ಯಲ್ಲಿ ತೆರೆದ (ಫ್ರೆಟ್ ಒತ್ತದ) ತಂತಿಯ ನಾಲ್ಕನೆಯ ಹಾರ್ಮೋನಿಕ್ ಹೀಗೆ ಕಳೆದುಹೋಗುತ್ತದೆ, ಎರಡನೆಯದು ಅತಿ ಜೋರಾಗಿ ಸಿಗುತ್ತದೆ.

ಆದರೆ ಇದೆಲ್ಲ ತೆರೆದ ತಂತಿಗೆ ಮಾತ್ರ. 5ನೇ ಫ್ರೆಟ್ ಒತ್ತಿದೊಡನೆ ಅಲುಗುವ ಉದ್ದ ಸುಮಾರು 486 ಮಿ.ಮೀ.ಗೆ ಇಳಿಯುತ್ತದೆ, ಅದರ ಕಾಲು ಭಾಗ 121ರ ಆಸುಪಾಸಿನಲ್ಲಿ. 12ನೇ ಫ್ರೆಟ್ ಒತ್ತಿದರೆ ಅದೇ 162 ತಂತಿಯ ನಟ್ಟನಡುವೆ ಬೀಳುತ್ತದೆ, ಸಮಸಂಖ್ಯೆಯ ಹಾರ್ಮೋನಿಕ್‌ಗಳೆಲ್ಲ ಮಾಯವಾಗಿ ದನಿ ಕೊಳಲಿನ ಹಾಗೆ ಟೊಳ್ಳಾಗಿ ಕೇಳುತ್ತದೆ. ಬೆರಳು ಸರಿದಂತೆಲ್ಲ ಆ ಬಿಂದುವೂ ಸರಿಯುತ್ತದೆ. ಹಾಗಾಗಿ ಮಂತ್ರದಂತಹ ಜಾಗವೊಂದು ಇಲ್ಲ, ಸ್ಯಾಡಲ್‌ನಿಂದ ಎಷ್ಟು ದೂರ ಎಂಬುದೇ ಮುಖ್ಯ.

ನೀವು ಕೇಳದೇ ಇರುವ ಬ್ರಿಡ್ಜ್ ಪಿಕಪ್ ಬಗ್ಗೆ ನನಗೆ ಹೆಚ್ಚು ಕಾಳಜಿ. ಅದರ ನಡುಗೆರೆ ಸಾಮಾನ್ಯವಾಗಿ ಸ್ಯಾಡಲ್‌ನಿಂದ 40 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಅಲ್ಲಿ 5 ಮಿ.ಮೀ. ಸರಿಸಿದರೆ ಎಂಟರಲ್ಲಿ ಒಂದು ಪಾಲು ಸರಿಸಿದಂತೆ, ನೆಕ್ ಕಡೆ ಅಷ್ಟೇ ಸರಿಸಿದರೆ ಕಿವಿಗೆ ಗೊತ್ತಾಗುವುದೂ ಕಷ್ಟ. ನಾನು ಆರಂಭದಲ್ಲಿ ಮಾಡಿದ ಗಿಟಾರ್ ಒಂದರಲ್ಲಿ ಈ ಪಿಕಪ್ಪನ್ನು ಸ್ಯಾಡಲ್‌ಗೆ ತೀರಾ ಹತ್ತಿರ ಕೂರಿಸಿಬಿಟ್ಟಿದ್ದೆ. ತೆಳು ತಂತಿಗಳ ದನಿ ಕಿವಿಗೆ ಸೂಜಿ ಚುಚ್ಚಿದಂತಿತ್ತು. ಮೂರು ಪಿಕಪ್ ಬದಲಾಯಿಸಿದರೂ ಸೂಜಿ ಹೋಗಲಿಲ್ಲ. ಕೊನೆಗೆ ಗುಂಡಿಗೆ ಅದೇ ಮರದ ತುಂಡು ಅಂಟಿಸಿ ತುಂಬಿ, 8 ಮಿ.ಮೀ. ನೆಕ್ ಕಡೆಗೆ ಹೊಸದಾಗಿ ಕೊರೆದೆ. ಆಗ ಮೊದಲು ತೆಗೆದಿಟ್ಟಿದ್ದ ಪಿಕಪ್ಪೇ ಸೊಗಸಾಗಿ ನುಡಿಯಿತು.

ಬೇರೆಯವರ ಮಾತಿಗಿಂತ ನಿಮ್ಮ ಕಿವಿಯನ್ನು ನಂಬಿ. ಹಳೆಯ ಪಿಕಪ್ ಒಂದನ್ನು ಹುಡುಕಿಕೊಳ್ಳಿ, ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಬಲ್ ಸಿಕ್ಕಿಸುವ ಜ್ಯಾಕ್ ಒಂದನ್ನು ಕೊಂಡು ಅದಕ್ಕೆ ಬೆಸುಗೆ ಹಾಕಿಸಿ. ಈಗಿರುವ ಗಿಟಾರನ್ನು ಮೇಜಿನ ಮೇಲೆ ಮಲಗಿಸಿ, ಆ ಪಿಕಪ್ಪನ್ನು ಆಂಪ್ಲಿಫೈಯರ್‌ಗೆ ಸೇರಿಸಿ, ಮಗುಚಿ ತಂತಿಗಳ ಮೇಲೆ ಮೂರು ಮಿಲಿಮೀಟರ್ ಎತ್ತರದಲ್ಲಿ ಹಿಡಿಯಿರಿ. ಮತ್ತೊಬ್ಬರು ಒಂದೇ ನುಡಿಯನ್ನು ಒಂದೇ ಜಾಗದಲ್ಲಿ ಮೀಟುತ್ತಿರಲಿ, ನೀವು ಪಿಕಪ್ಪನ್ನು 158ರಿಂದ 138ಕ್ಕೆ ನಿಧಾನವಾಗಿ ಜಾರಿಸಿ. ತುಂಬುದನಿ ಬಿಗಿಯಾಗುತ್ತಾ, ಅಕ್ಷರ ಬಿಡಿಸಿ ಓದಿದಷ್ಟು ಸ್ಪಷ್ಟವಾಗುತ್ತಾ ಬರುವುದು ಕೇಳುತ್ತದೆ. ಹಲವರಿಗೆ ಆ ಸ್ಪಷ್ಟತೆಯೇ ಇಷ್ಟ, ಕಾರ್ಡ್‌ಗಳನ್ನು (ಸ್ವರಗುಚ್ಛಗಳನ್ನು) ಡಿಸ್ಟಾರ್ಷನ್‌ನಲ್ಲಿ (ದನಿಯನ್ನು ಒರಟಾಗಿಸಿ) ನುಡಿಸುವವರಿಗಂತೂ ಅದು ವರ.

ನಿಮಗೆ 138 ಸಾಲದು ಅನ್ನಿಸಿದರೆ ಗಿಟಾರ್‌ನ ಟೋನ್ ನಾಬ್ ಮೇಲೆ ಭರವಸೆ ಇಡಬೇಡಿ. ಅದು ಮೇಲಿನ ದನಿಯನ್ನು ಕತ್ತರಿಸಬಲ್ಲದೇ ಹೊರತು ಕೆಳಗಿನ ಮೈಯನ್ನು ಕೂಡಿಸಲಾರದು. ಕಳೆದ ಒಂದು ವರ್ಷದಲ್ಲಿ 23, 24ನೇ ಫ್ರೆಟ್‌ಗಳು ಬೇಕೇಬೇಕು ಅನ್ನಿಸಿದ್ದು ಎಷ್ಟು ಸಲ ಎಂದು ನೆನಪಿಸಿಕೊಳ್ಳಿ. ಬೆರಳೆಣಿಕೆಯಷ್ಟೂ ಇಲ್ಲವಾದರೆ, ತಯಾರಕರಿಗೆ ಇವತ್ತೇ ಫೋನ್ ಮಾಡಿ 22 ಫ್ರೆಟ್ ಸಾಕೆಂದು ಹೇಳಿ.