ಬನ್ನಿ, ಆದರೆ ಮೊದಲು ನಿಮ್ಮ ಕೈಗೆ ಲೈಸೆನ್ಸ್ ಬರಲಿ

ಕೊಡಗಿನ ಶನಿವಾರಸಂತೆ ಕಡೆಯ ತಂಗಿಯೊಬ್ಬರು ಕೇಳಿದ್ದಾರೆ. ಈಗ ಅಮೆರಿಕದಲ್ಲಿ, ನ್ಯೂಯಾರ್ಕ್ ಪಕ್ಕದ ಜರ್ಸಿ ಸಿಟಿಯಲ್ಲಿದ್ದಾರೆ, ಬಂದು ಇನ್ನೂ ಒಂದು ವರ್ಷ ಆಗಿಲ್ಲ. ಯಜಮಾನರಿಗೆ ಇಂಡಿಯಾನಾದ ಕೊಲಂಬಸ್‌ನಲ್ಲಿ, ಕಮಿನ್ಸ್ ಎಂಜಿನ್ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಇವರಿಗೆ ಕಾರು ಓಡಿಸಲು ಬರುವುದಿಲ್ಲ, ಎರಡು ವರ್ಷದ ಮಗು ಇದೆ, ಮುಂದಿನ ವರ್ಷ ಅಪ್ಪ ಅಮ್ಮನನ್ನು ಕರೆಸಿಕೊಳ್ಳಬೇಕು ಅಂತ ಆಸೆ. ಅಂಥ ಸಣ್ಣ ಊರಿಗೆ ಹೋಗಬಹುದಾ ಅಕ್ಕ, ಬಾಡಿಗೆ ಎಷ್ಟು, ದಿನಸಿ ಸಿಗುತ್ತಾ, ಚಳಿ ಹೇಗೆ ಅಂತ ಕೇಳಿದ್ದಾರೆ.

ಅಕ್ಕ ಅಂತ ಕರೆದಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ನಾನು ಸೋಮವಾರಪೇಟೆಯವಳು, ಇದೇ ಕೊಲಂಬಸ್‌ನಲ್ಲಿ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದವಳು. ಬಾಡಿಗೆ ಜರ್ಸಿ ಸಿಟಿಗಿಂತ ಎಷ್ಟೋ ಕಡಿಮೆ. ದಿನಸಿಗೆ ತೊಂದರೆ ಇಲ್ಲ, ಇಲ್ಲಿ ಸಿಗದಿದ್ದು ಇಂಡಿಯಾನಾಪೊಲಿಸ್‌ನಲ್ಲಿ ಸಿಗುತ್ತದೆ, ದೇವಸ್ಥಾನವೂ ಅಲ್ಲೇ, 45 ಮೈಲಿ. ಚಳಿ ನಿಮಗೆ ಈಗಾಗಲೇ ಗೊತ್ತಲ್ವಾ. ಸುಮಾರು 50 ಸಾವಿರ ಜನರ ಊರು, ಜನ ಒಳ್ಳೆಯವರು, ಮಕ್ಕಳನ್ನು ಬೆಳೆಸಲು ಒಳ್ಳೆಯ ಜಾಗ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಜರ್ಸಿ ಸಿಟಿಯಲ್ಲಿ ಮಗುವನ್ನು ಗಾಡಿಯಲ್ಲಿ ಕೂರಿಸಿಕೊಂಡು ನ್ಯೂವಾರ್ಕ್ ಅವೆನ್ಯೂಗೆ ಹೋಗಿ ಕೊತ್ತಂಬರಿ ಸೊಪ್ಪು ತರುತ್ತೀರಿ, ಬೇಜಾರಾದರೆ ಪಾತ್ ರೈಲು ಹತ್ತುತ್ತೀರಿ. ಇಲ್ಲಿ ಪ್ಯಾಸೆಂಜರ್ ರೈಲೇ ಇಲ್ಲ. ರೈಲಿಲ್ಲದ ಜಿಲ್ಲೆಯಿಂದ ಬಂದವರು ನಾವು, ಅದು ದೊಡ್ಡ ವಿಷಯ ಅಲ್ಲ ಅಂತ ನಾನೂ ಅಂದುಕೊಂಡಿದ್ದೆ. ಆದರೆ ನಮ್ಮಲ್ಲಿ ತೋಟದ ಮನೆಯಿಂದ ರಸ್ತೆಗೆ ಬಂದು ನಿಂತರೆ ಬಸ್ಸೋ ಜೀಪೋ ಸಿಗುತ್ತದೆ, ಅದೂ ಇಲ್ಲದಿದ್ದರೆ ಗುರುತಿನವರ ಪಿಕಪ್ ನಿಲ್ಲುತ್ತದೆ, ಯಾರ ಮನೆಯವಳು ಅಂತ ಕೇಳಿ ಹತ್ತಿಸಿಕೊಳ್ಳುತ್ತಾರೆ. ಇಲ್ಲಿ ಸಿಟಿ ಬಸ್ ಇದೆ, ಅದನ್ನು ನಂಬಿಕೊಂಡು ಸಂಸಾರ ನಡೆಸಲು ಆಗುವುದಿಲ್ಲ. ಗಂಡ ಬೆಳಿಗ್ಗೆ ಕಾರು ತೆಗೆದುಕೊಂಡು ಹೋದರೆ ಸಂಜೆಯವರೆಗೆ ನೀವು ಮನೆಯಲ್ಲೇ.

ನಾವು ಬಂದಿದ್ದು ಡಿಸೆಂಬರ್‌ನಲ್ಲಿ. ವಿಮಾನ ನಿಲ್ದಾಣದಿಂದ ಐ-65 ಹೆದ್ದಾರಿಯಲ್ಲಿ ಬರುವಾಗ ಎರಡೂ ಕಡೆ ಮುಸುಕಿನ ಜೋಳ ಕೊಯ್ದು ಬೋಳಾದ ಹೊಲಗಳು. ಕಣ್ಣು ಹರಿಯುವಷ್ಟು ದೂರ ಒಂದು ಗುಡ್ಡ ಇಲ್ಲ. ಪುಷ್ಪಗಿರಿ ನೋಡಿಕೊಂಡು ಬೆಳೆದವಳಿಗೆ ಎದೆಯೇ ಖಾಲಿ ಆದ ಹಾಗಾಯಿತು. ಕಂಪನಿಯವರು ನೋಡಿಕೊಟ್ಟ ಮನೆ ಹೆದ್ದಾರಿ ಪಕ್ಕದಲ್ಲಿತ್ತು, ಬಾಡಿಗೆ ಕಡಿಮೆ, ಮನೆ ದೊಡ್ಡದು. ಬಾಗಿಲಿನಿಂದ ಹೊರಗೆ ಬಂದರೆ ಪಾರ್ಕಿಂಗ್, ಅದರಾಚೆ ನಾಲ್ಕು ಸಾಲಿನ ರಸ್ತೆ. ಫುಟ್‌ಪಾತ್ ಇರಲಿಲ್ಲ.

ನನಗೆ ಹೇಗೋ ಅಭ್ಯಾಸವಾಯಿತು, ಕಾರು ಕಲಿತೆ. ಅಪ್ಪನ ವಿಷಯ ಹೇಳಬೇಕು, ನೀವು ಅಪ್ಪ ಅಮ್ಮನನ್ನು ಕರೆಸುವ ಮಾತು ಎತ್ತಿದ್ದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಊರಲ್ಲಿ ಅಪ್ಪ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ನಡೆದು ಹೋಗಿ, ‘ಶಕ್ತಿ’ ಪೇಪರ್ ತೆಗೆದುಕೊಂಡು, ಒಂದು ಚಹಾ ಕುಡಿದು, ನಿನ್ನೆ ನಿಮ್ಮ ಕಡೆ ಎಷ್ಟು ಇಂಚು ಮಳೆ, ಮೆಣಸಿಗೆ ಎಷ್ಟು ರೇಟು ಅಂತ ಮಾತಾಡಿಕೊಂಡು ಬರುತ್ತಿದ್ದವರು. ಅಮ್ಮ ಹೋದ ಮೇಲೆ ಒಬ್ಬರೇ ಇದ್ದರು ಅಂತ ಇಲ್ಲಿಗೆ ಕರೆಸಿಕೊಂಡೆವು. ಮೊದಲ ವಾರ ಬೆಳಿಗ್ಗೆ ಎದ್ದು, ಶೂ ಹಾಕಿಕೊಂಡು, ಕೊಡೆ ಹಿಡಿದು ಹೊರಟುಬಿಡುತ್ತಿದ್ದರು. ಒಂದು ದಿನ ರಸ್ತೆ ಪಕ್ಕದ ಹುಲ್ಲಿನ ಮೇಲೆ ನಡೆಯುವಾಗ ಯಾರೋ ಕಾರು ನಿಲ್ಲಿಸಿ, ಏನಾದರೂ ತೊಂದರೆಯಾ, ಮನೆಗೆ ಬಿಡಲಾ ಅಂತ ಕೇಳಿದ್ದಾರೆ. ಅವರು ಕೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಅಪ್ಪನಿಗೆ ಮಾತ್ರ ಬಹಳ ನಾಚಿಕೆಯಾಯಿತು. ಇಲ್ಲಿ ನಡೆಯುವವನನ್ನು ದಿಕ್ಕಿಲ್ಲದವನು ಅಂದುಕೊಳ್ಳುತ್ತಾರೆ ಕಣಮ್ಮ ಅಂದರು. ಆಮೇಲೆ ಶೂ ಬಾಗಿಲ ಹತ್ತಿರವೇ ಉಳಿಯಿತು. ಬಾಲ್ಕನಿಯಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟು, ಮಳೆ ಬಂದ ಮರುದಿನ ಸ್ಕೇಲು ಇಳಿಸಿ ಅಳೆದು, ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ) ಕ್ಯಾಲೆಂಡರ್‌ನಲ್ಲಿ ಬರೆಯುತ್ತಿದ್ದರು. ಕೇಳುವವರು ಯಾರೂ ಇರಲಿಲ್ಲ, ನಾನೂ ಅಡುಗೆಮನೆಯಿಂದ ಹೂಂ ಅನ್ನುತ್ತಿದ್ದೆ ಅಷ್ಟೆ. ಆರು ತಿಂಗಳಿಗೆ ಅಂತ ಬಂದವರು ಕಾಫಿ ಕೊಯ್ಲಿಗೆ ಆಳು ನೋಡಬೇಕು ಅಂತ ಹೇಳಿ ಟಿಕೆಟ್ ಮುಂಚೆ ಮಾಡಿಸಿಕೊಂಡು ಹೊರಟರು. ಮತ್ತೆ ಬರಲಿಲ್ಲ. ಈಗ ಅಪ್ಪ ಇಲ್ಲ.

ಊರ ಮಧ್ಯೆ ಮನೆ ಇದ್ದಿದ್ದರೆ ಅಂತ ಇವತ್ತಿಗೂ ಅನ್ನಿಸುತ್ತದೆ. ಯಾಕೆಂದರೆ ಈ ಊರಿನ ನಡುಭಾಗದಲ್ಲಿ ನಡೆಯಬಹುದು. ಐ. ಎಂ. ಪೇ ವಿನ್ಯಾಸ ಮಾಡಿದ ಲೈಬ್ರರಿ ಅಲ್ಲಿದೆ, ಎದುರಿಗೇ ಎಲಿಯೆಲ್ ಸಾರಿನೆನ್ ವಿನ್ಯಾಸ ಮಾಡಿದ, 1942ರಲ್ಲಿ ಕಟ್ಟಿ ಮುಗಿದ ಚರ್ಚ್. ಇಷ್ಟು ಸಣ್ಣ ಊರಲ್ಲಿ ಇಷ್ಟು ದೊಡ್ಡ ವಾಸ್ತುಶಿಲ್ಪಿಗಳ ಕೆಲಸ ಇದೆ ಅಂತ ದೂರದೂರದಿಂದ ಜನ ನೋಡಲು ಬರುತ್ತಾರೆ. ನನಗೂ ಅದರ ಹೆಮ್ಮೆ ಇದೆ. ಮಿಲ್ ರೇಸ್ ಪಾರ್ಕ್‌ವರೆಗೆ ನಡೆದು ಹೋದರೆ ಫ್ಲ್ಯಾಟ್‌ರಾಕ್ ಮತ್ತು ಡ್ರಿಫ್ಟ್‌ವುಡ್ ಹೊಳೆಗಳು ಸೇರಿಕೊಳ್ಳುವುದು ಅಲ್ಲೇ. ಸಂಗಮ ಅಂದರೆ ಭಾಗಮಂಡಲ ನೆನಪಾಗುತ್ತದೆ, ಅಪ್ಪ ಅಲ್ಲಿ ಕೂತುಕೊಳ್ಳುತ್ತಿದ್ದರು ಅನ್ನಿಸುತ್ತದೆ. ಹಾಗಾಗಿ ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಲೈಬ್ರರಿಗೆ ನಡೆದು ಹೋಗುವಷ್ಟು ಹತ್ತಿರ ಮನೆ ಹಿಡಿಯಿರಿ. ಹೊಳೆ ಹಳ್ಳದ ಬದಿಯಲ್ಲಿ ಮಾತ್ರ ಬೇಡ. 2008ರ ಜೂನ್‌ನಲ್ಲಿ ಹಾ ಕ್ರೀಕ್ ಅನ್ನುವ ಹಳ್ಳ ಉಕ್ಕಿ ಆಸ್ಪತ್ರೆಗೇ ನೀರು ನುಗ್ಗಿತ್ತು, ರೋಗಿಗಳನ್ನು ಬೇರೆ ಕಡೆ ಸಾಗಿಸಿದ್ದರು. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಳೆ, ಭೂಕುಸಿತ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಲೈಸೆನ್ಸ್. ಊರಲ್ಲಿ ಸ್ಕೂಟಿ ಓಡಿಸುತ್ತಿದ್ದೆ ಅಂತ ಬರೆದಿದ್ದೀರಿ, ಒಳ್ಳೆಯದು, ರಸ್ತೆಯ ಭಯ ಇರುವುದಿಲ್ಲ. ಇಂಡಿಯಾದ ಲೈಸೆನ್ಸ್ ಮಾತ್ರ ಇದ್ದರೆ ಇಲ್ಲಿ ಕಣ್ಣಿನ ಪರೀಕ್ಷೆ, ಬರೆಯುವ ಪರೀಕ್ಷೆ, ಓಡಿಸುವ ಪರೀಕ್ಷೆ ಮೂರೂ ಕೊಡಬೇಕು. ಹೊರಡುವುದಕ್ಕೆ ಇನ್ನೂ ತಿಂಗಳುಗಳಿದ್ದರೆ ಜರ್ಸಿಯಲ್ಲೇ ಶುರು ಮಾಡಿ. ದುಡ್ಡು ಕೊಟ್ಟು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಯಿರಿ, ಗಂಡನ ಹತ್ತಿರ ಬೇಡ, ಸುಮ್ನೆ ಜಗಳವಾಗುತ್ತದೆ. ನಿಮ್ಮದು ಗಂಡನ ಕೆಲಸದ ವೀಸಾ ಮೇಲೆ ಸಿಗುವ ಎಚ್-4 ವೀಸಾ ಆದ್ದರಿಂದ ಲೈಸೆನ್ಸ್ ಕೂಡ ಇಲ್ಲಿರಲು ಅನುಮತಿ ಇರುವ ತಾರೀಖಿನವರೆಗೆ ಮಾತ್ರ. ಯಜಮಾನರ ವಿಸ್ತರಣೆಯ ಕಾಗದ ತಡವಾದರೆ ನಿಮ್ಮ ಲೈಸೆನ್ಸೂ ನಿಲ್ಲುತ್ತದೆ, ಅದನ್ನು ಮುಂಚೆಯೇ ನೋಡಿಕೊಳ್ಳಿ. ಎರಡನೇ ಕಾರು ಬೇಕೇ ಬೇಕು, ಹಳೆಯದಾದರೂ ಸರಿ. ಹೊಸಬರಿಗೆ ಇನ್ಶೂರೆನ್ಸ್ ಜಾಸ್ತಿ ಬೀಳುತ್ತದೆ, ಬಾಡಿಗೆಯಲ್ಲಿ ಉಳಿದ ದುಡ್ಡು ಅಲ್ಲಿಗೆ ಹೋಗುತ್ತದೆ ಅಂತ ಲೆಕ್ಕ ಹಾಕಿಕೊಳ್ಳಿ.

ಓಡಿಸುವಾಗ ಎರಡು ವಿಷಯ. ಚಳಿಗಾಲದಲ್ಲಿ ಸೇತುವೆ ಮೇಲೆ ಕಣ್ಣಿಗೆ ಕಾಣದ ಮಂಜುಗಡ್ಡೆ ಇರುತ್ತದೆ, ಅಲ್ಲಿ ಬ್ರೇಕ್ ಒತ್ತಬೇಡಿ, ಮೊದಲೇ ನಿಧಾನ ಮಾಡಿ. ನವೆಂಬರ್ ಸುಮಾರಿಗೆ ಜಿಂಕೆಗಳು ರಸ್ತೆಗೆ ನುಗ್ಗುತ್ತವೆ. ನಮ್ಮಲ್ಲಿ ಆನೆ ಕಂಡರೆ ದೂರದಲ್ಲೇ ನಿಲ್ಲಿಸುತ್ತೇವೆ, ಇವು ಕಾಣುವುದೇ ಕೊನೆಯ ಕ್ಷಣಕ್ಕೆ. ಸ್ಟೀರಿಂಗ್ ಎಳೆಯದೆ ನೇರವಾಗಿ ಬ್ರೇಕ್ ಹಾಕಿ. ಒಂದು ದಾಟಿದರೆ ಹಿಂದೆ ಇನ್ನೊಂದು ಇರುತ್ತದೆ.

ಯಜಮಾನರು ನಿಮ್ಮ ಲೈಸೆನ್ಸ್ ಬಗ್ಗೆ ಆಮೇಲೆ ನೋಡೋಣ ಅಂದರೆ ಒಪ್ಪಬೇಡಿ. ಅದೊಂದು ಖಾತ್ರಿಯಾದರೆ ಧೈರ್ಯವಾಗಿ ಬನ್ನಿ. ಕೆಲಸಕ್ಕೆ ಸೇರುವ ದಿನವನ್ನು ಮಾರ್ಚ್ ಕಳೆದ ಮೇಲೆ ಇಡಲು ಆಗುತ್ತದಾ ಅಂತ ಅವರು ಕೇಳಲಿ, ಚಳಿಗಾಲದಲ್ಲಿ ಹೊಸ ಊರಲ್ಲಿ ಡ್ರೈವಿಂಗ್ ಶುರು ಮಾಡುವುದು ಬೇಡ. ಮನೆಗೆ ಸಹಿ ಹಾಕುವ ಮುಂಚೆ ಯಾವ ರಸ್ತೆ ಅಂತ ನನಗೆ ತಿಳಿಸಿ. ನಾನೇ ಹೋಗಿ, ಮಗುವಿನ ಗಾಡಿ ತಳ್ಳಿಕೊಂಡು ಹೋಗಲು ಫುಟ್‌ಪಾತ್ ಇದೆಯಾ, ಅದು ಎಲ್ಲಿಯವರೆಗೆ ಇದೆ ಅಂತ ನಡೆದು ನೋಡಿ ಹೇಳುತ್ತೇನೆ.